ಬಂದೇನವಾಜ್ ದರ್ಗಾ

ಕಲಬುರಗಿಯಲ್ಲಿರುವ ಸೂಫಿ ಸಂತ ಸೈಯದ್ ಮುಹಮ್ಮದ್ ಹುಸೈನಿ ಗೇಸುದರಾಜ್ (1321–1422) ಅವರ ಗೋರಿ. ಜನಪ್ರಿಯ ಹೆಸರು ಖ್ವಾಜಾ ಬಂದೇನವಾಜ್. ದೆಹಲಿಯಲ್ಲಿ ಹುಟ್ಟಿ, ಚಿಶ್ತಿ ಪಂಥದ ನಸೀರುದ್ದೀನ್ ಚಿರಾಗ್ ದೆಹಲವಿಯವರ ಶಿಷ್ಯರಾದ ಇವರು, ತೈಮೂರನ ದಾಳಿಯ ಹೊತ್ತಿಗೆ ದೆಹಲಿ ತೊರೆದು ಬಹಮನಿ ಸುಲ್ತಾನ ಫಿರೋಜ್ ಷಾನ ಕಾಲದಲ್ಲಿ ಕಲಬುರಗಿಯಲ್ಲಿ ನೆಲೆಸಿದರು. ದಖ್ಖನ್ ಭಾಗದಲ್ಲಿ ಸೂಫಿ ಚಿಂತನೆ ಬೇರೂರಲು ಕಾರಣರಾದವರಲ್ಲಿ ಇವರು ಪ್ರಮುಖರು.

ವಾಸ್ತುಶಿಲ್ಪ: ಗೋರಿಯನ್ನು ಕಟ್ಟಿಸಿದವನು ಸುಲ್ತಾನ ಅಹ್ಮದ್ ಷಾ. ಚೌಕಾಕಾರದ ತಳವಿನ್ಯಾಸ, ಎರಡು ಹಂತಗಳಲ್ಲಿ ಒಳಸರಿದ ಕಮಾನುಗಳನ್ನು ಹೊತ್ತ ಎತ್ತರದ ಗೋಡೆ, ಮೇಲೆ ಭವ್ಯ ಗುಮ್ಮಟ. ಒಳಗೆ ವರ್ಣಾಲಂಕಾರವಿದೆ. ಪ್ರಾಂಗಣದ ಬೃಹತ್ ಕಮಾನು ನಂತರದ ಕಾಲದ ಸೇರ್ಪಡೆ.

ಉರುಸ್: ಸಂತರ ಪುಣ್ಯತಿಥಿಯ ಈ ಉತ್ಸವ ಇಸ್ಲಾಮಿ ಪಂಚಾಂಗದ ಜುಲ್‌ಕಾದಾ ತಿಂಗಳಲ್ಲಿ ಗಂಧದ ಮೆರವಣಿಗೆಯೊಂದಿಗೆ ನಡೆಯುತ್ತದೆ. ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಬರುತ್ತಾರೆ. ಇಂಥದೇ ಕೂಡುಭಕ್ತಿಯ ನೆಲೆ ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆ. ಅಲ್ಲಿ ದರ್ಗಾ ಮತ್ತು ಭೂತರಾಯ ಚೌಡೇಶ್ವರಿ ಗುಡಿ ಒಂದೇ ಸೂರಿನಡಿ ಇವೆ.