ಸೆರೆಯಿಂದ ಬಂದವನ ಹರಕೆ

ಇವತ್ತಿನ ಸಂಚಿಕೆ ಒಂದು ಸಣ್ಣ ಮಾತಿನ ಬಗ್ಗೆ. ದೊಡ್ಡ ಅಪಾಯದಿಂದ ಪಾರಾದಾಗ ನಮ್ಮ ಬಾಯಿಂದ ತಾನಾಗಿ ಬರೋ ಮಾತು ಅದು: "ನನ್ನ ಪುಣ್ಯ, ಉಳಕೊಂಡೆ."

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿದ್ದ ಜನ, ನಿಂತಿದ್ದ ವಾಹನ, ಎಲ್ಲವೂ ಮಣ್ಣಿನ ಜೊತೆ ಗಂಗಾವಳಿ ನದಿಯ ಪಾಲಾಯ್ತು. ಮೂರು ವಾರದ ನಂತರ, ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ, ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಅದರ ಚಾಲಕರನ್ನು ಜೀವಂತ ಮೇಲೆತ್ತಿದರು.

ಇಂಥ ಕಡೆಯಿಂದ ಪಾರಾಗಿ ಬಂದವರು "ನನ್ನ ಪುಣ್ಯ" ಅಂದರೆ ಯಾರೂ ತಪ್ಪು ಹಿಡಿಯಲ್ಲ. ಆದರೆ ಆ ಮಾತನ್ನು ಸ್ವಲ್ಪ ಮುಂದಕ್ಕೆ ಎಳೆದು ನೋಡಿ. ಉಳಿದವರದು ಪುಣ್ಯ ಅಂತಾದರೆ, ಮಣ್ಣಿನಡಿ ಹೋದವರು ಏನು ಪಾಪ ಮಾಡಿದ್ದರು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇದಕ್ಕೆ ಒಂದು ಹಳೆಯ ಉತ್ತರ ಯಹೂದಿ ಸಂಪ್ರದಾಯದಲ್ಲಿದೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ನಾವು ಜೆರುಸಲೇಮಿಗೆ ಹೋಗಬೇಕಿಲ್ಲ. ನಮ್ಮ ಇದೇ ಕರಾವಳಿಯಲ್ಲಿ ನಡೆದ ಒಂದು ಯುದ್ಧದ ಕಥೆ ಸಾಕು.

ಮೊದಲು ಜನರ ಪರಿಚಯ. ಕಾರವಾರದಿಂದ ಉತ್ತರಕ್ಕೆ, ಗೋವಾ ದಾಟಿ, ಮಹಾರಾಷ್ಟ್ರದ ಕೊಂಕಣ ತೀರದಲ್ಲಿ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯ ಶತಮಾನಗಳಿಂದ ಇತ್ತು. ಅಲಿಬಾಗ್ ಹತ್ತಿರದ ನವಗಾಂವ್ ಬಳಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು, ಅವರ ಸಂತಾನವೇ ನಾವು ಅನ್ನೋದು ಅವರ ನಂಬಿಕೆ. ಅಂದರೆ ಅವರ ಮೂಲಕಥೆಯೇ ಪಾರಾಗಿ ಬಂದವರ ಕಥೆ. ಹಳ್ಳಿಗಳಲ್ಲಿ ಗಾಣ ಆಡಿಸಿ ಎಣ್ಣೆ ಮಾರುತ್ತಿದ್ದರು. ಶನಿವಾರ ಮಾತ್ರ ಗಾಣ ನಿಲ್ಲುತ್ತಿತ್ತು, ಯಾಕೆಂದರೆ ಅದು ಅವರ ವಿಶ್ರಾಂತಿಯ ದಿನ, ಸಬ್ಬತ್. ಹಾಗಾಗಿ ಊರವರು ಅವರನ್ನು "ಶನಿವಾರ ತೇಲಿ", ಅಂದರೆ ಶನಿವಾರದ ಗಾಣಿಗರು ಅಂತ ಕರೆದರು. ಮನೆಮಾತು ಮರಾಠಿ. ಅಡ್ಡಹೆಸರು ಊರಿನ ಮೇಲೆ. ನಮ್ಮಲ್ಲಿ ಅಂಕೋಲೆಯವರು ಅಂಕೋಲೇಕರ್ ಆದ ಹಾಗೆ, ಅಲ್ಲಿ ದಿವೆ ಊರಿನವರು ದಿವೇಕರ್ ಆದರು.

ಹದಿನೆಂಟನೆಯ ಶತಮಾನದಲ್ಲಿ ಈ ಗಾಣಿಗರ ಮಕ್ಕಳು ಬೊಂಬಾಯಿಗೆ ಹೋಗಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರತೊಡಗಿದರು. ಅವರಲ್ಲಿ ಒಬ್ಬರು ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್. ಊರವರ ಬಾಯಲ್ಲಿ ಸಾಮಾಜಿ ಹಸಾಜಿ. ಸಿಪಾಯಿಗಳ ಪಡೆಯಲ್ಲಿ ದೇಶೀ ಅಧಿಕಾರಿಯ ದರ್ಜೆಗೆ ಏರಿದ್ದರು.

ಈಗ ಯುದ್ಧಕ್ಕೆ ಬರೋಣ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಸದಾಶಿವಗಡ, ಅಂಕೋಲಾ ಕಡೆಯ ಸೋಂದೆ ಅರಸರ ಕರಾವಳಿಯೂ ಮೈಸೂರಿನ ಕೈಸೇರಿತ್ತು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದ ಹೊತ್ತಿಗೆ ಬೊಂಬಾಯಿ ಸೈನ್ಯ ಇದೇ ತೀರಕ್ಕೆ ಬಂತು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್‌ನ ಪಡೆ ಹೊನ್ನಾವರದ ಕೋಟೆಯನ್ನು ಹೊಡೆದು ಹಿಡಿಯಿತು. ಆಮೇಲೆ ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ ಹೋಯಿತು. ಗೆಲುವು ಹೆಚ್ಚು ದಿನ ಉಳಿಯಲಿಲ್ಲ. ಟಿಪ್ಪು ದೊಡ್ಡ ಸೈನ್ಯದೊಂದಿಗೆ ಬಂದು ಮುತ್ತಿಗೆ ಹಾಕಿದ. ಏಪ್ರಿಲ್ ಕೊನೆಗೆ ಮ್ಯಾಥ್ಯೂಸ್ ಶರಣಾದ. ಸೈನ್ಯಕ್ಕೆ ಸೈನ್ಯವೇ ಸೆರೆ. ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಗಿ ಕೈದಿಗಳ ಬಿಡುಗಡೆಗೆ ದಾರಿಯಾಯ್ತು.

ಈ ಯುದ್ಧದಲ್ಲಿ ದಿವೇಕರ್ ಕೂಡ ಟಿಪ್ಪುವಿನ ಕೈದಿಯಾದರು. ಮುಂದಿನದು ಬೆನೆ ಇಸ್ರೇಲರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ. ಕೈದಿಗಳನ್ನು ಮುಂದೆ ನಿಲ್ಲಿಸಿ, ನಿಮ್ಮದು ಯಾವ ಜಾತಿ ಅಂತ ಕೇಳಿದಾಗ ಇವರು "ಬೆನೆ ಇಸ್ರೇಲ್", ಅಂದರೆ ಇಸ್ರೇಲಿನ ಮಕ್ಕಳು ಅಂದರಂತೆ. ಟಿಪ್ಪುವಿನ ತಾಯಿ ಫಾತಿಮಾ ಫಖ್ರುನ್ನಿಸಾ ಅದನ್ನು ಕೇಳಿ, ಕುರಾನಿನಲ್ಲಿ ಹೆಸರು ಬಂದಿರುವ ಜನ ಇವರು, ಜೀವ ಉಳಿಸು ಅಂತ ಮಗನಿಗೆ ಹೇಳಿದರಂತೆ. ಸೆರೆಯಲ್ಲಿದ್ದಾಗ ದಿವೇಕರ್ ಒಂದು ಹರಕೆ ಹೊತ್ತಿದ್ದರು: ಜೀವಂತ ಮರಳಿದರೆ ಬೊಂಬಾಯಿಯಲ್ಲಿ ಪ್ರಾರ್ಥನೆಗೆ ಒಂದು ಮನೆ ಕಟ್ಟಿಸುತ್ತೇನೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಯಹೂದಿಗಳ ಧರ್ಮಗ್ರಂಥ ತಾಲ್ಮುದ್ ಪ್ರಕಾರ ನಾಲ್ಕು ಬಗೆಯ ಜನ ದೇವರಿಗೆ ಕೃತಜ್ಞತೆ ಹೇಳಲೇಬೇಕು. ಸಮುದ್ರ ದಾಟಿ ಬಂದವರು, ಮರುಭೂಮಿ ದಾಟಿದವರು, ಕಾಯಿಲೆಯಿಂದ ಎದ್ದವರು, ಸೆರೆಯಿಂದ ಬಿಡುಗಡೆಯಾದವರು. ಇವರು ಹೇಳೋ ಪ್ರಾರ್ಥನೆಗೆ ಬಿರ್ಕತ್ ಹಗೋಮೆಲ್ ಅಂತ ಹೆಸರು. ಅದರಲ್ಲಿ ಎರಡು ಸಂಗತಿ ನನಗೆ ಮುಖ್ಯ ಅನಿಸಿತು. ಒಂದು, ಪಾರಾದವನು ತನ್ನ ಯೋಗ್ಯತೆಯ ಬಗ್ಗೆ ಏನೂ ಹೇಳಿಕೊಳ್ಳುವುದಿಲ್ಲ. ಯೋಗ್ಯತೆ ಇಲ್ಲದವರಿಗೂ ಒಳಿತು ಮಾಡುವವನು ನೀನು, ನನಗೂ ಮಾಡಿದೆ, ಅನ್ನೋದೇ ಅದರ ತಿರುಳು. ಎರಡು, ಇದನ್ನು ಮನೆಯ ಮೂಲೆಯಲ್ಲಿ ಕೂತು ಹೇಳಿ ಮುಗಿಸುವ ಹಾಗಿಲ್ಲ. ಕಡಿಮೆ ಅಂದರೂ ಹತ್ತು ಜನರ ಎದುರು ಹೇಳಬೇಕು. ಕೇಳಿದವರು, ಮುಂದೆಯೂ ನಿನಗೆ ಒಳ್ಳೆಯದೇ ಆಗಲಿ ಅಂತ ಹಾರೈಸಬೇಕು.

ಹಾಗಾದರೆ ನಂಬಿಕೆ ಅಂದರೆ "ನನಗೇನೂ ಆಗಲ್ಲ" ಅನ್ನೋ ಧೈರ್ಯ ಅಲ್ಲ. ಆಗಬಹುದು. ಹಡಗು ಒಡೆಯಬಹುದು, ಕೋಟೆ ಬೀಳಬಹುದು. ಉಳಿದರೆ ಅದನ್ನು ಸಾಲ ಅಂತ ತಿಳಿದು ತೀರಿಸಬೇಕು.

ಬೆನೆ ಇಸ್ರೇಲರ ಮನೆಗಳಲ್ಲಿ ಇದಕ್ಕೆ ಇನ್ನೊಂದು ರೂಪವೂ ಇದೆ, ಮಲೀದಾ. ಅಂದುಕೊಂಡದ್ದು ನೆರವೇರಿದಾಗ ಪ್ರವಾದಿ ಎಲಿಯಾಹುವನ್ನು ನೆನೆದು ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ ಕಲಸಿ, ಹಣ್ಣಿಟ್ಟು, ಎಲ್ಲರಿಗೂ ಹಂಚುತ್ತಾರೆ. ಅವಲಕ್ಕಿ, ತೆಂಗಿನಕಾಯಿ, ಹರಕೆ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ದಿವೇಕರ್ ಹರಕೆ ಮರೆಯಲಿಲ್ಲ. 1796ರಲ್ಲಿ ಬೊಂಬಾಯಿಯ ಮಾಂಡ್ವಿಯಲ್ಲಿ ನಗರದ ಮೊದಲ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾಮಂದಿರ ಕಟ್ಟಿಸಿದರು. ಅದಕ್ಕೆ ತೋರಾ ಗ್ರಂಥದ ಸುರುಳಿ ತರಲು ಕೊಚ್ಚಿಯ ಯಹೂದಿಗಳ ಬಳಿ ಹೋದರು. ಬೊಂಬಾಯಿಯಿಂದ ಕೊಚ್ಚಿಗೆ ಹೋಗೋ ಸಮುದ್ರದ ದಾರಿ ಕಾರವಾರ, ಅಂಕೋಲೆಗಳ ಎದುರೇ ಹಾಯುತ್ತೆ. 1797ರಲ್ಲಿ ಅವರು ಕೊಚ್ಚಿಯಲ್ಲೇ ತೀರಿಕೊಂಡರು.

ಕಥೆಯನ್ನು ಇಷ್ಟಕ್ಕೇ ಸಿಹಿಯಾಗಿ ಮುಗಿಸೋದು ಸರಿಯಲ್ಲ. ದಿವೇಕರ್ ಇದ್ದದ್ದು ನಮ್ಮ ಊರುಗಳ ಮೇಲೆ ದಂಡೆತ್ತಿ ಬಂದ ಸೈನ್ಯದಲ್ಲಿ. ಅವರಿಗೆ ಸಿಕ್ಕ ಕರುಣೆ ಎಲ್ಲರಿಗೂ ಸಿಗಲಿಲ್ಲ. ಅದೇ ಯುದ್ಧದ ಕೊನೆಯ ಹೊತ್ತಿಗೆ, 1784ರಲ್ಲಿ, ಕರಾವಳಿಯ ಸಾವಿರಾರು ಕ್ಯಾಥೊಲಿಕರನ್ನು ಟಿಪ್ಪು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರಲ್ಲಿ ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಅವರ ಭಕ್ತಿ ಕಡಿಮೆಯಿತ್ತಾ? ಇಲ್ಲ. ಅದಕ್ಕೇ ಆ ಪ್ರಾರ್ಥನೆಯ ವಿನಯ ನನಗೆ ಬರೀ ಶಿಷ್ಟಾಚಾರ ಅನಿಸಲ್ಲ. ಉಳಿದವನು "ನನ್ನ ಪುಣ್ಯ" ಅಂದರೆ, ಉಳಿಯದವರ ಮೇಲೆ ತೀರ್ಪು ಕೊಟ್ಟ ಹಾಗೆ. "ನನಗೆ ಯೋಗ್ಯತೆ ಮೀರಿ ಸಿಕ್ಕಿತು" ಅಂದರೆ ಸತ್ತವರ ಮರ್ಯಾದೆಯೂ ಉಳಿಯುತ್ತೆ.

ನಿಮ್ಮಲ್ಲಿ ಕೆಲವರು ಕೆಲಸ ಕಡಿತದಲ್ಲಿ ಉಳಿದುಕೊಂಡಿರಬಹುದು, ಪಕ್ಕದ ಟೇಬಲ್ಲಿನವರು ಹೋಗಿರಬಹುದು. ಆಸ್ಪತ್ರೆಯಿಂದ ಮನೆಗೆ ಬಂದಿರಬಹುದು, ಅದೇ ವಾರ್ಡಿನ ಇನ್ನೊಬ್ಬರು ಬಂದಿರಲಿಕ್ಕಿಲ್ಲ. ಆಗ ಏನು ಹೇಳುತ್ತೀರಿ, ಯಾರೆದುರು ಹೇಳುತ್ತೀರಿ, ಆಮೇಲೆ ಏನು ಮಾಡುತ್ತೀರಿ? ದಿವೇಕರ್ ಕಟ್ಟಿಸಿದ್ದು ಹತ್ತು ಜನ ಸೇರೋಕೆ ಒಂದು ಜಾಗ.

ಆ ಸಿನಗಾಗ್ ಈಗಲೂ ಇದೆ. ಮುಂಬೈನ ಸ್ಯಾಮುಯೆಲ್ ಸ್ಟ್ರೀಟ್‌ಗೆ ಅವರದೇ ಹೆಸರು. ಈಗಿನ ಕಟ್ಟಡ 1860ರದ್ದು. ಜನ ಅದನ್ನು "ಜೂನಿ ಮಶೀದ್", ಹಳೇ ಮಸೀದಿ ಅಂತ ಕರೆದರು. ಪಕ್ಕದ ಮಸ್ಜಿದ್ ರೈಲು ನಿಲ್ದಾಣಕ್ಕೆ ಹೆಸರು ಬಂದಿದ್ದು ಅದರಿಂದಲೇ ಅಂತಾರೆ. ಸಾಮಾಜಿ ಹಸಾಜಿ ಸಿನಗಾಗ್ ಅನ್ನೋ ಹೆಸರೂ ಇತ್ತು. 1896ರಲ್ಲಿ, ನೂರು ವರ್ಷ ತುಂಬಿದಾಗ, ಹೊಸ ಹೆಸರು ಇಟ್ಟರು: ಶಾರ್ ಹರಹಮೀಮ್. ಅಂದರೆ ಕರುಣೆಯ ಬಾಗಿಲು. ಮುಂದಿನ ಸಲ ಮುಂಬೈಗೆ ಹೋದಾಗ, ಸಿ.ಎಸ್.ಎಂ.ಟಿ.ಗಿಂತ ಒಂದು ನಿಲ್ದಾಣ ಮೊದಲೇ ಇಳಿದು ನೋಡಿ.