ಅರ್ಕಾಟಿಯಿಂದ ಏಜೆಂಟ್‌ವರೆಗೆ

ಹೋದ ವರ್ಷ ಕಮಲಾಪುರದಿಂದ ಕಾಕಾ ಫೋನ್ ಮಾಡಿದ್ರು. "ತಮ್ಮಾ, ಹುಡುಗಗ ಲಂಡನ್ನಿನಾಗ ನೌಕರಿ ಅಂತ. ಕಲಬುರಗಿ ಏಜೆಂಟ್ ಹೇಳ್ಯಾನ. ಅಲ್ಲಿ ಅವನ ಸಾಲಿಸಿಟರ್ ಹಾನಂತ, ವೀಸಾ ಗ್ಯಾರಂಟಿ ಅಂತ. ಮೂರು ಲಕ್ಷ ಅಡ್ವಾನ್ಸ್ ಕೊಡ್ಲೇನು?" ಹೊಲ ಅಡ ಇಡೋ ಮಾತೂ ಆಗಿತ್ತು.

ನನಗೆ ತಕ್ಷಣ ನೆನಪಾದದ್ದು ಕಲಬುರಗಿಯದೇ ಹುಡುಗರು. 2023ರ ಕೊನೆಗೆ ಸೆಕ್ಯೂರಿಟಿ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋದವರು ಉಕ್ರೇನ್ ಯುದ್ಧದ ಬಾಯಿಗೆ ಬಿದ್ದರು. ಊರು ಕಂಡದ್ದು 2024ರ ಸೆಪ್ಟೆಂಬರ್‌ನಲ್ಲಿ.

ಕಥೆ ಹೊಸದಲ್ಲ. 1834ರಿಂದ ಮಾರಿಷಸ್‌ನ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳು ಹಡಗು ಹತ್ತಿದರು. ಹಳ್ಳಿ ತಿರುಗಿ ಆಸೆ ತೋರಿಸಿ ಅವರನ್ನು ಕೂಡಿಸುತ್ತಿದ್ದ ದಲ್ಲಾಳಿಗೆ ಉತ್ತರದಲ್ಲಿ 'ಅರ್ಕಾಟಿ' ಅಂತಿದ್ದರು. ಹೋಗುವವನೂ ಕಳಿಸುವವನೂ ಅಧಿಕಾರಿಯ ಮುಂದೆ ನಿಂತು ಬರೆದ ಕರಾರು ತೋರಿಸಬೇಕು ಅಂತ 1837ರಲ್ಲೇ ಕಂಪನಿ ಸರ್ಕಾರ ನಿಯಮ ಮಾಡಿತು. ಆದರೆ ಓದು ಬಾರದವನಿಗೆ ಕರಾರು ಅಂದ್ರೆ ಬರೀ ಹೆಬ್ಬೆಟ್ಟು. ಆ ನೇಮಕಾತಿ ನಿಂತದ್ದು 1917ರಲ್ಲಿ. 1922ರಲ್ಲಿ ವಲಸೆ ಕಾಯ್ದೆ ಬಂತು. ಗಲ್ಫ್ ನೌಕರಿಗಳ ಕಾಲಕ್ಕೆ ಅದು ಸಾಲದೆ 1983ರಲ್ಲಿ ಹೊಸ ಕಾಯ್ದೆಯಾಯಿತು: ವಿದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಲೇಬೇಕು. ಆ ಪಟ್ಟಿ ಇವತ್ತು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆ.

ಬ್ರಿಟನ್ ಕೂಡ 1999ರಲ್ಲಿ ಇಂಥದೇ ಕಾಯ್ದೆ ಮಾಡಿತು. ಅಲ್ಲಿ ವಲಸೆ ಸಲಹೆ ಕೊಡೋಕೆ ಅರ್ಹತೆ ಬೇಕು. ಸಾಲಿಸಿಟರ್ ಆದ್ರೆ ಅವರ ನಿಯಂತ್ರಣ ಪ್ರಾಧಿಕಾರದ ಪಟ್ಟಿಯಲ್ಲಿ ಹೆಸರು ಸಿಗಬೇಕು. ವಕೀಲರಲ್ಲದ ಸಲಹೆಗಾರರಿಗೆ ಬೇರೆ ಪಟ್ಟಿ ಇದೆ. ಎರಡನ್ನೂ ಮೊಬೈಲ್‌ನಲ್ಲೇ ಪುಕ್ಕಟೆ ನೋಡಬಹುದು. ಹೆಸರು ಸಿಕ್ಕ ಮೇಲೂ ಫೀಸು ಎಷ್ಟು, ಯಾವ ಕೆಲಸಕ್ಕೆ ಅಂತ ಬರೆಸಿಕೊಳ್ಳಬೇಕು. ವೀಸಾ ಕೊಡೋದು ಸರ್ಕಾರ. ಗ್ಯಾರಂಟಿ ಕೊಡುವವನು ಎಷ್ಟು ದೊಡ್ಡ ಆಫೀಸು ಇಟ್ಟಿದ್ದರೂ ಅರ್ಕಾಟಿಯ ಮೊಮ್ಮಗನೇ.

"ಕಾಕಾ, ಅವನ ನೋಂದಣಿ ನಂಬರ್, ಸಾಲಿಸಿಟರ್ ಪೂರ್ತಿ ಹೆಸರು, ಇವೆರಡೇ ಕೇಳ್ರಿ" ಅಂದೆ.

ನಾಕು ದಿನಕ್ಕೆ ಉತ್ತರ ಬಂತು: "ಮೊದಲ ಅಡ್ವಾನ್ಸ್, ಆಮ್ಯಾಲ ನಂಬರ್ ಅಂತಾನ ತಮ್ಮಾ."

ಹೊಲ ಉಳಿಯಿತು. ಕಾಕಾನ ಮಗ ಮಾತ್ರ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡಿಲ್ಲ. ಅವನ ಸಿಟ್ಟು ನನಗೆ ತಿಳಿಯುತ್ತೆ. ಹೊರಗೆ ಹೋಗೋ ಆಸೆ ತಪ್ಪಲ್ಲ, ನಾನೂ ಊರು ಬಿಟ್ಟವನೇ. ಅದಕ್ಕೇ ಆ ಎರಡು ಪಟ್ಟಿಗಳ ಲಿಂಕ್ ಅವನಿಗೆ ಕಳಿಸಿಟ್ಟಿದ್ದೀನಿ.