ಚಕ್ಕಡಿ ದಾರಿಯ ಮೇಲೆ ಸೈಕಲ್ಲು

ಗುಡ್ಡದಲ್ಲಿ ಸೈಕಲ್ ಓಡಿಸಲು ಕಲಿಯಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಸೈಕಲ್ಲಿನ ಬಗ್ಗೆ. ಗೇರು ಎಷ್ಟಿರಬೇಕು, ಟೈರು ಎಷ್ಟು ದಪ್ಪ ಇರಬೇಕು, ಮುಂದೆ ಶಾಕ್ ಅಬ್ಸಾರ್ಬರ್ ಬೇಕೇ ಬೇಡವೇ, ಬೆಲೆ ಎಲ್ಲಿಗೆ ಹೋಗುತ್ತದೆ. ಯಾವ ದಾರಿ ಹಿಡಿಯಬೇಕು ಎಂಬ ಮಾತು ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಸವದತ್ತಿ ಸೀಮೆಯ ಹೂಲಿಯನ್ನು ಎದುರಿಗಿಟ್ಟುಕೊಂಡು ಯೋಚಿಸಿದರೆ ಈ ಕ್ರಮವೇ ತಲೆಕೆಳಗಾಗಿದೆ ಅನಿಸುತ್ತದೆ. ಇಲ್ಲಿನ ಗುಡ್ಡಗಳ ಮೇಲೆ ಎತ್ತು, ಚಕ್ಕಡಿ, ಕುರಿ ಹಿಂಡು ಮತ್ತು ಯಾತ್ರಿಕರು ನೂರಾರು ವರ್ಷ ತುಳಿದು ಮಾಡಿಟ್ಟ ದಾರಿಗಳಿವೆ. ಯಾವ ದಾರಿ ಯಾರ ಕಾಲಿನಿಂದ, ಯಾವ ಕೆಲಸಕ್ಕಾಗಿ ಆಯಿತು ಎಂದು ತಿಳಿದವರಿಗೆ ಅದರ ಏರು ಎಷ್ಟು ಕಠಿಣ, ಇಳಿತ ಎಷ್ಟು ಅಪಾಯ ಎಂಬುದು ಅರ್ಧ ತಿಳಿದ ಹಾಗೆಯೇ. ಹೊಸಬರ ಪಾಠ ಶುರುವಾಗಬೇಕಾದದ್ದು ಅಲ್ಲಿಂದ ಎಂಬುದು ಈ ಬರಹದ ವಾದ.

ದಾರಿಗೆ ಮುಂಚೆ ನೆಲದ ಮಾತು. ಸವದತ್ತಿ, ರಾಮದುರ್ಗ, ಗೋಕಾಕ ಸುತ್ತಲಿನ ಗುಡ್ಡಗಳೆಲ್ಲ ಭೂವಿಜ್ಞಾನಿಗಳು ಕಲಾದಗಿ ಎಂದು ಕರೆಯುವ ಶಿಲಾಸಮೂಹಕ್ಕೆ ಸೇರಿದವು. ದಕ್ಷಿಣ ಮರಾಠಾ ಸೀಮೆಯ ಕಲ್ಲುಗಳ ಮೇಲೆ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಬರೆದ ದೊಡ್ಡ ವರದಿ ಇಂದಿಗೂ ಈ ಅಧ್ಯಯನದ ತಳಹದಿ. ಈ ಸಮೂಹದ ಕೆಳಭಾಗದ ಒಂದು ಪದರಕ್ಕೆ ಸವದತ್ತಿ ಕ್ವಾರ್ಟ್‌ಜೈಟ್ ಎಂದೇ ಹೆಸರಿದೆ, ಅದನ್ನು ಒಳಗೊಂಡ ಘಟಕಕ್ಕೆ ರಾಮದುರ್ಗದ ಹೆಸರಿದೆ. ಘಟಪ್ರಭೆ ಗೋಕಾಕದಲ್ಲಿ ಧುಮುಕುವುದೂ ಮಲಪ್ರಭೆ ನವಿಲುತೀರ್ಥದಲ್ಲಿ ಗುಡ್ಡ ಸೀಳಿಕೊಂಡು ಹೋಗುವುದೂ ಇದೇ ಬಗೆಯ ಗಟ್ಟಿ ಕಲ್ಲಿನ ನಡುವೆ. ಈ ಕಲ್ಲು ಬೇಗ ಸವೆಯುವುದಿಲ್ಲ. ಅದಕ್ಕೇ ಗುಡ್ಡದ ನೆತ್ತಿ ಚಪ್ಪಟೆ, ಅಂಚು ಕಡಿದಾದ ಬಂಡೆ, ಬಂಡೆಯ ಬುಡದಲ್ಲಿ ಉದುರಿಬಿದ್ದ ಚೂಪು ಹರಳಿನ ಇಳಿಜಾರು, ಅದರ ಕೆಳಗೆ ಮಸಾರಿ, ಕೊನೆಗೆ ಎರೆ ಹೊಲ. ಸೈಕಲ್ಲಿಗೆ ಇವು ಬೇರೆ ಬೇರೆ ಲೋಕಗಳು. ಮಳೆ ಬಿದ್ದ ಮಾರನೆಯ ದಿನ ಎರೆ ಮಣ್ಣಿಗೆ ಇಳಿದರೆ ಹತ್ತು ಮಾರು ಹೋಗುವುದರೊಳಗೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೆಸರು ಮೆತ್ತಿಕೊಂಡು ಗಾಲಿ ನಿಂತುಬಿಡುತ್ತದೆ, ಕಡ್ಡಿಯಿಂದ ಕೆದರಿ ತೆಗೆಯದ ಹೊರತು ಅಲುಗುವುದಿಲ್ಲ. ಅದೇ ಹೊತ್ತಿಗೆ ಮೇಲಿನ ಕಲ್ಲುನೆಲ ನೀರು ಇಳಿಸಿಕೊಂಡು ಒಣಗಿರುತ್ತದೆ. ಬೇಸಿಗೆಯಲ್ಲಿ ಎರೆ ಹೊಲದ ಬದು ಸಿಮೆಂಟಿನಷ್ಟು ಗಟ್ಟಿ, ಗುಡ್ಡದ ಹರಳು ಮಾತ್ರ ಗಾಲಿಯ ಅಡಿಯಲ್ಲಿ ಜಾರುತ್ತದೆ. ಹೀಗೆ ಹಂಗಾಮಿಗೆ ತಕ್ಕಂತೆ ದಾರಿ ಬದಲಿಸುವುದು ಇಲ್ಲಿಯ ದನಗಾಹಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲದ ವಿದ್ಯೆ.

ಇಂಥ ನೆಲದಲ್ಲಿ ಹೂಲಿ ಒಂದು ಕಾಲಕ್ಕೆ ಚಿಕ್ಕ ಊರಾಗಿರಲಿಲ್ಲ. ಹನ್ನೊಂದನೆಯ ಶತಮಾನದಿಂದ ಇಲ್ಲಿ ಸಿಗುವ ಶಾಸನಗಳು ಪೂಲಿಯನ್ನು, ಅಂದರೆ ಇಂದಿನ ಹೂಲಿಯನ್ನು, ಸಾವಿರ ಮಹಾಜನರ ಅಗ್ರಹಾರವೆಂದು ಹೇಳುತ್ತವೆ. ಕುಂಡಿ ಮೂರು ಸಾವಿರ ನಾಡನ್ನು ಆಳಿದ ರಟ್ಟರ ರಾಜಧಾನಿ ಸುಗಂಧವರ್ತಿ, ಅಂದರೆ ಇಂದಿನ ಸವದತ್ತಿ, ಹತ್ತಿರದಲ್ಲೇ ಇತ್ತು. ಐದು ಗರ್ಭಗುಡಿಗಳ ಪಂಚಲಿಂಗೇಶ್ವರ ಅಲ್ಲದೆ ತಾರಕೇಶ್ವರ, ಭವಾನಿಶಂಕರ, ಕಾಶಿ ವಿಶ್ವನಾಥ, ಸೂರ್ಯನಾರಾಯಣ ಎಂದು ಗುಡಿಗಳ ಸಾಲು ಇಲ್ಲಿದೆ, ಮೇಲೆ ಗುಡ್ಡದಲ್ಲಿ ಕೋಟೆಯೂ ಇದೆ. ಇಷ್ಟು ಗುಡಿಗೆ ಕಲ್ಲು, ಇಷ್ಟು ಮನೆಗೆ ಕಾಳು, ಇಷ್ಟು ದೀಪಕ್ಕೆ ಎಣ್ಣೆ ಬರಬೇಕಾದರೆ ಗುಡ್ಡಗಳ ಸಂದಿನಿಂದ ಬಂಡಿ ಮತ್ತು ಹೇರೆತ್ತುಗಳು ವರ್ಷವಿಡೀ ಓಡಾಡಲೇಬೇಕು. ರಟ್ಟರು ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ಸಾಗಿಸಿದ ಮೇಲಿನ 1204ರ ಬೆಳಗಾವಿ ಶಾಸನ ಲಾಳ ಮತ್ತು ಮಲೆಯಾಳದ ವರ್ತಕರನ್ನು ಹೆಸರಿಸುತ್ತದೆ. ಗುಜರಾತಿನಿಂದ, ಕೇರಳದಿಂದ ವ್ಯಾಪಾರಿಗಳು ಬಂದು ಹೋಗುತ್ತಿದ್ದ ಸೀಮೆಯಲ್ಲಿ ದಾರಿಗಳು ಯೋಚಿಸಿ ಮಾಡಿದವೇ ಆಗಿರಬೇಕು. ಅರಸರು ಹೋದ ಮೇಲೂ ಓಡಾಟ ನಿಲ್ಲಲಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಿಗೆ ಸುತ್ತಲಿನ ಜಿಲ್ಲೆಗಳಿಂದ ಕೊಲ್ಲಾರಿ ಕಟ್ಟಿದ ಚಕ್ಕಡಿಗಳ ಸಾಲು ಬರುವುದು ಈ ನಾಡಿನ ದೊಡ್ಡ ಸಂಭ್ರಮ. ಬಸ್ಸು ಬರುವ ತನಕ ಆ ಸಾಲುಗಳು ಹಿಡಿದದ್ದು ಮಣ್ಣಿನ ದಾರಿಯನ್ನೇ.

ಈ ಚಕ್ಕಡಿ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ನನ್ನ ವಾದ ನಿಂತಿರುವುದು ಅದರ ಮೇಲೆ. ಭಾರ ಹೇರಿದ ಚಕ್ಕಡಿ ಇಳಿಜಾರಿಗೆ ಬಂದಾಗ ಅದನ್ನು ತಡೆದು ಹಿಡಿಯುವುದು ಎತ್ತುಗಳ ಕೊರಳು. ನೊಗ ಮುಂದಕ್ಕೆ ಒತ್ತುತ್ತದೆ, ಎತ್ತು ಹಿಂಗಾಲೂರಿ ಜಗ್ಗಿ ನಿಲ್ಲುತ್ತದೆ, ತುಸು ಹೆಚ್ಚು ಕಡಿದಾದರೆ ಎತ್ತೂ ಹೋಯಿತು, ಬಂಡಿಯೂ ಹೋಯಿತು. ಹಾಗಾಗಿ ಚಕ್ಕಡಿ ದಾರಿ ಗುಡ್ಡವನ್ನು ನೆಟ್ಟಗೆ ಏರುವುದಿಲ್ಲ. ಪಕ್ಕೆಯನ್ನು ಬಳಸಿ, ಹಳ್ಳವನ್ನು ಅದು ಅಗಲವಾಗಿ ತೆಳ್ಳಗಾಗುವ ಕಡೆ ದಾಟಿ, ತಿರುವಿನಲ್ಲಿ ಬಂಡಿ ಹೊರಳುವಷ್ಟು ಜಾಗ ಬಿಟ್ಟು ಹೋಗುತ್ತದೆ. ಮನುಷ್ಯ ತುಳಿದ ಕಾಲುದಾರಿ ಇದಕ್ಕಿಂತ ಅವಸರದ್ದು: ತಲೆಯ ಮೇಲೆ ಹೊರೆ ಹೊತ್ತವರು ಹತ್ತಿರದ ದಾರಿ ಹುಡುಕುತ್ತಾರೆ, ಎರಡು ಹೆಜ್ಜೆ ಎತ್ತರದ ಬಂಡೆ ಸಿಕ್ಕರೂ ಹತ್ತಿಬಿಡುತ್ತಾರೆ. ಕುರಿದಾರಿ ಇನ್ನೂ ಬೇರೆ. ಅಡ್ಡಡ್ಡ ಗುಡ್ಡದ ಪಕ್ಕೆಗೆ ಅಂಟಿಕೊಂಡು ಒಂದು ಗೇಣು ಅಗಲದಲ್ಲಿ ಸಾಗುತ್ತದೆ, ಒಂದು ಬದಿ ಯಾವಾಗಲೂ ಇಳಿಜಾರು. ಸೈಕಲ್ ಕಲಿಯುವವರಿಗೆ ಇದರಲ್ಲಿ ಸಿದ್ಧಪಾಠವೇ ಇದೆ. ಮೊದಲು ಚಕ್ಕಡಿ ದಾರಿ, ಬ್ರೇಕು ಮತ್ತು ಮೈಭಾರ ಕೈವಶವಾದ ಮೇಲೆ ಕಾಲುದಾರಿ, ಹ್ಯಾಂಡಲ್ ಅಲುಗಾಡದೆ ನಿಧಾನ ಸಾಗಲು ಬಂದ ಮೇಲೆ ಕುರಿದಾರಿ. ವಿದೇಶದ ಗುಡ್ಡಗಳಲ್ಲಿ ಹಸಿರು, ನೀಲಿ, ಕಪ್ಪು ಬಣ್ಣದ ಫಲಕ ನೆಟ್ಟು ತೋರಿಸುವ ಮಟ್ಟಗಳನ್ನು ಇಲ್ಲಿ ಕಾಲು ಮತ್ತು ಗೊರಸುಗಳೇ ಗುರುತು ಮಾಡಿವೆ.

ಇದು ಹೂಲಿಯ ಮೇಲಿನ ಅಭಿಮಾನದ ಮಾತು ಮಾತ್ರ ಎಂದು ಯಾರಾದರೂ ಅಂದರೆ ಈ ಆಟದ ಹುಟ್ಟನ್ನೇ ನೋಡಬಹುದು. ಸೈಕಲ್ಲು ಹುಟ್ಟಿದಾಗ ಡಾಂಬರು ರಸ್ತೆ ಇರಲಿಲ್ಲ. 1897ರಲ್ಲಿ ಅಮೆರಿಕದ 25ನೆಯ ಪದಾತಿ ದಳದ ಕಪ್ಪು ಸೈನಿಕರು ಮೊಂಟಾನಾದ ಮಿಸೌಲಾದಿಂದ ಸೇಂಟ್ ಲೂಯಿಯವರೆಗೆ ಸುಮಾರು 1900 ಮೈಲಿಯನ್ನು ಸೈಕಲ್ ಮೇಲೆ ಕ್ರಮಿಸಿದ್ದು ಕೆಸರು, ಮರಳು, ರೈಲು ಹಳಿಯ ಪಕ್ಕದ ದಾರಿಗಳಲ್ಲಿ. ಇಂಗ್ಲೆಂಡಿನಲ್ಲಿ 1955ರಲ್ಲಿ ಹುಟ್ಟಿದ ರಫ್ ಸ್ಟಫ್ ಫೆಲೋಷಿಪ್ ಎಂಬ ಕೂಟದವರು ಸಾಮಾನ್ಯ ಸೈಕಲ್ಲುಗಳನ್ನೇ ಹಿಡಿದು ಗುಡ್ಡಗಾಡಿನ ಹಳೆಯ ದಾರಿಗಳನ್ನು ಹುಡುಕಿಕೊಂಡು ಹೋದರು. ಇಂದು ಮೌಂಟೇನ್ ಬೈಕ್ ಎನ್ನುವ ಸೈಕಲ್ಲಿನ ತವರು ಕ್ಯಾಲಿಫೋರ್ನಿಯಾದ ಮರಿನ್ ಜಿಲ್ಲೆ. ಅಲ್ಲಿಯ ತರುಣರು 1930 ಮತ್ತು 40ರ ದಶಕದ, ಗುಜರಿಗೆ ಹೋಗಬೇಕಾಗಿದ್ದ, ದಪ್ಪ ಟೈರಿನ ಶ್ವಿನ್ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಒಯ್ದು ಅಗ್ನಿಶಾಮಕ ವಾಹನಗಳಿಗೆಂದು ಮಾಡಿದ ಮಣ್ಣುರಸ್ತೆಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ರಿಪ್ಯಾಕ್ ಪಂದ್ಯ ನಡೆಯಿತು. ಮೂರೂವರೆ ಕಿಲೋಮೀಟರಿಗಿಂತ ಕಡಿಮೆ ಉದ್ದದಲ್ಲಿ ಸುಮಾರು 400 ಮೀಟರ್ ಇಳಿತ. ಹಿಂಗಾಲಿಯ ಹಬ್ಬಿನ ಬ್ರೇಕು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಕೆಳಗೆ ಬಂದ ಮೇಲೆ ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಆ ಕಷ್ಟದಿಂದಲೇ ಜೋ ಬ್ರೀಜ್ 1977ರಲ್ಲಿ ಗುಡ್ಡಕ್ಕೆಂದೇ ಹೊಸ ಫ್ರೇಮು ಕಟ್ಟಿದ, 1981ರಲ್ಲಿ ಕಾರ್ಖಾನೆಯಲ್ಲಿ ತಯಾರಾದ ಸ್ಟಂಪ್‌ಜಂಪರ್ ಮಾರುಕಟ್ಟೆಗೆ ಬಂತು, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಆಟ ಸೇರಿತು. ಎಲ್ಲ ಕಡೆಯೂ ಅನುಕ್ರಮ ಒಂದೇ: ಬೇರೆ ಯಾವುದೋ ದುಡಿಮೆಗೆಂದು ಆದ ದಾರಿ ಮೊದಲು, ಹಳೆಯ ಸೈಕಲ್ಲು ಆಮೇಲೆ, ಹೊಸ ಸೈಕಲ್ಲು ಎಲ್ಲಕ್ಕಿಂತ ಕೊನೆಗೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ನಮ್ಮ ಹಳ್ಳಿಗಳಿಗೆ ಸೈಕಲ್ಲು ಬಂದದ್ದು ದುಡಿಮೆಗೆ. ಅದರ ಕ್ಯಾರಿಯರಿನಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ, ಜೋಳದ ಚೀಲ ಹೋದವೇ ಹೊರತು ಯಾರೂ ಗುಡ್ಡ ಇಳಿದು ಸಂತೋಷಪಡಲು ಸೈಕಲ್ ಹತ್ತಲಿಲ್ಲ, ಆದ್ದರಿಂದ ಇದು ಹೊರಗಿನ ಆಟ, ಪೇಟೆಯ ಉಳ್ಳವರ ಆಟ ಎಂಬುದು ಆ ಆಕ್ಷೇಪ. ಗಡಿಯಾರ ಹಿಡಿದು ಓಡುವ ಪಂದ್ಯ ಹೊರಗಿನಿಂದ ಬಂತೆಂಬುದು ನಿಜ. ಆದರೆ ಆಟದ ಅಳತೆ ಅಷ್ಟೇ ಎಂದುಕೊಂಡರೆ ತಪ್ಪಾಗುತ್ತದೆ. ಮದ್ರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್‌ನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಶುರುವಾಗಿ ಊರೂರಿಗೆ ಮುಟ್ಟಿಸಿದ ಕಪ್ಪು ಸೈಕಲ್ಲು ಒಂದೇ ಗೇರಿನದು, ಇಪ್ಪತ್ತು ಕಿಲೋ ಮೀರಿದ ತೂಕದ್ದು. ಅದನ್ನು ಮಸಾರಿ ದಾರಿಯಲ್ಲಿ ಹೊರೆ ಸಮೇತ ಏರಿಸಿ ಇಳಿಸಿದವರ ಕಾಲಲ್ಲಿ ಮತ್ತು ಕೈಯಲ್ಲಿ ಇದ್ದ ಹದ ಈ ಆಟದ ಹದವೇ. ಸೀಟಿಗೆ ಕಾಲು ಎಟುಕದ ಹುಡುಗರು ಒಳಪೆಡಲ್ ಹೊಡೆಯುತ್ತ, ಇಡೀ ಮೈಯನ್ನು ಒಂದು ಬದಿಗೆ ವಾಲಿಸಿ ಸೈಕಲ್ಲನ್ನು ಇನ್ನೊಂದು ಬದಿಗೆ ಬಾಗಿಸಿ ಕಲಿತ ಸಮತೋಲನವನ್ನು ಇಂದು ತರಬೇತಿ ಶಿಬಿರಗಳಲ್ಲಿ ಹಣ ಕೊಟ್ಟು ಕಲಿಯುತ್ತಾರೆ. ಉಳ್ಳವರ ಆಟ ಎಂಬುದಕ್ಕೆ ಉತ್ತರ ಇನ್ನೂ ನೇರವಾಗಿದೆ. ದಶಕಗಳಿಂದ ಕರ್ನಾಟಕದ ಸೈಕ್ಲಿಸ್ಟುಗಳು ಬಂದಿರುವುದು ಹೆಚ್ಚಾಗಿ ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳಿಂದ, ಬಹುಪಾಲು ಒಕ್ಕಲು ಮನೆಗಳಿಂದ. ಹೂಲಿಯ ನೆರೆಯ ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯ ಮಕ್ಕಳ ಹೆಸರು ರಾಜ್ಯಮಟ್ಟದ ಸೈಕ್ಲಿಂಗ್ ಫಲಿತಾಂಶಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಗದಗದಲ್ಲಿ. 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಉಚಿತ ಸೈಕಲ್ಲುಗಳು ಹಳ್ಳಿಯ ಹೆಣ್ಣುಮಕ್ಕಳನ್ನೂ ಸೀಟಿನ ಮೇಲೆ ಕೂರಿಸಿದವು. ಅದು ಚಿಕ್ಕ ಸಂಗತಿಯಲ್ಲ.

ಹಳೆಯ ಸೈಕಲ್ಲನ್ನು ಹೊಗಳಿ ಹೊಸಬರನ್ನು ಅಪಾಯಕ್ಕೆ ತಳ್ಳುತ್ತಿದ್ದೀರಿ ಎಂದರೆ ಆ ಮಾತನ್ನು ಅರ್ಧ ಒಪ್ಪಬೇಕು. ಸರಳು ಎಳೆದು ರಿಮ್ಮಿಗೆ ರಬ್ಬರು ಒತ್ತುವ ಬ್ರೇಕು ಕಡಿದಾದ ಇಳಿತಕ್ಕೆ ಸಾಲದು, ಒದ್ದೆಯಾದರೆ ಇನ್ನೂ ಸಾಲದು. ರಿಪ್ಯಾಕಿನ ಹೊಗೆ ಹೇಳುವುದೂ ಅದನ್ನೇ. ಎರಡೂ ಗಾಲಿಗೆ ಚೆನ್ನಾಗಿ ಹಿಡಿಯುವ ಬ್ರೇಕು, ಉಬ್ಬುಗಳಿರುವ ಟೈರು, ತಲೆಗೆ ಹೆಲ್ಮೆಟ್ಟು, ಏರಿಗೆ ಕೆಲವು ಹಗುರ ಗೇರು ಇಷ್ಟಿರಲೇಬೇಕು. ಇವಕ್ಕಿಂತ ಹೆಚ್ಚಿನದು ಮೊದಲ ವರ್ಷಕ್ಕೆ ಬೇಡ. ಯಾಕೆಂದರೆ ಚಕ್ಕಡಿ ದಾರಿಯ ಇಳಿತವನ್ನು ಎತ್ತಿನ ಕೊರಳು ತಾಳುವಷ್ಟಕ್ಕೇ ಅಳೆದಿಟ್ಟಿದ್ದಾರೆ. ಅಂಥ ದಾರಿಯಲ್ಲಿ ಕಲಿಯಬೇಕಾದದ್ದು ಕೆಲವೇ ಸಂಗತಿ: ಇಳಿಯುವ ಮುಂಚೆ ಸೀಟು ತಗ್ಗಿಸುವುದು, ಪೆಡಲುಗಳನ್ನು ಸಮಮಟ್ಟದಲ್ಲಿಟ್ಟು ಎದ್ದು ನಿಲ್ಲುವುದು, ಸೊಂಟವನ್ನು ಹಿಂದಕ್ಕೆ ಸರಿಸುವುದು, ಮುಂದಿನ ಬ್ರೇಕನ್ನು ಒಮ್ಮೆಲೆ ಹಿಡಿಯದೆ ಎರಡನ್ನೂ ಸ್ವಲ್ಪ ಸ್ವಲ್ಪವೇ ಒತ್ತುವುದು, ಕಣ್ಣನ್ನು ಮುಂಗಾಲಿಯ ಮೇಲಿಡದೆ ಹತ್ತು ಮಾರು ಮುಂದೆ ಇಡುವುದು. ಹರಳಿನ ಮೇಲೆ ಟೈರಿನ ಗಾಳಿ ಕೊಂಚ ಇಳಿಸಿದರೆ ಹಿಡಿತ ಹೆಚ್ಚುತ್ತದೆ, ತೀರ ಇಳಿಸಿದರೆ ಕಲ್ಲು ತಾಗಿ ಟ್ಯೂಬು ಹೋಗುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಬೀಳುವ ಕಡೆ ಒಂದು ಟ್ಯೂಬು, ಪಂಪು ಮತ್ತು ಪಂಕ್ಚರ್ ಸಾಮಾನು ಇಲ್ಲದೆ ಹೊರಟವರು ಸೈಕಲ್ ತಳ್ಳಿಕೊಂಡು ಬರುತ್ತಾರೆ.

ಎರಡನೆಯ ದೊಡ್ಡ ಆಕ್ಷೇಪ ದೇವರ ದಾರಿಯದು. ಹರಕೆ ಹೊತ್ತು ನಡೆಯುವವರ ಹಾದಿಯಲ್ಲಿ, ಸಾವಿರ ವರ್ಷದ ಗುಡಿಗಳ ನಡುವೆ, ಹಾಳುಬಿದ್ದ ಕೋಟೆಯ ಕಲ್ಲುಗಳ ಮೇಲೆ ಆಟವೆಂದರೆ ಹೇಗೆ? ಈ ಅಸಮಾಧಾನ ಸರಿಯಾದದ್ದು. ಮರಿನ್‌ನಲ್ಲೂ ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ಲಿನವರಿಗೂ ಜಗಳ ಬೆಳೆದು 1980ರ ದಶಕದಲ್ಲಿ ಕಿರುದಾರಿಗಳೇ ಸೈಕಲ್ಲಿಗೆ ಮುಚ್ಚಿದವು. 1988ರಲ್ಲಿ ಅಂತರರಾಷ್ಟ್ರೀಯ ಮೌಂಟೇನ್ ಬೈಸಿಕ್ಲಿಂಗ್ ಸಂಘ ಹುಟ್ಟಿದ್ದರ ಹಿಂದೆ ಈ ಜಗಳವಿದೆ. ಅಲ್ಲಿಯವರು ತಡವಾಗಿ ಕಲಿತದ್ದನ್ನು ಇಲ್ಲಿ ಮೊದಲೇ ಪಾಲಿಸಬಹುದು. ಗುಡಿಯ ಅಂಗಳ, ಮೆಟ್ಟಿಲು, ಕೋಟೆಯ ಗೋಡೆ ಸೈಕಲ್ಲಿಗೆ ಸಲ್ಲವು. ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಯಾತ್ರಿಕರ ದಾರಿ ಯಾತ್ರಿಕರದೇ. ದನ, ಕುರಿ ಎದುರಾದರೆ ಇಳಿದು ನಿಲ್ಲಬೇಕು, ಬೆಳೆ ನಿಂತ ಹೊಲದ ಬದುವಿಗೆ ಕಾಲಿಡಬಾರದು. ಇದೂ ಹೊಸ ನಿಯಮವಲ್ಲ. ಭಾರದ ಬಂಡಿಗೆ ಖಾಲಿ ಬಂಡಿ ದಾರಿ ಬಿಡುವ ಪದ್ಧತಿಯಲ್ಲಿ ಬೆಳೆದ ನಾಡು ಇದು, ದುಡಿಯುವವರಿಗೆ ಆಡುವವರು ದಾರಿ ಬಿಡುವುದು ಅದರ ಮುಂದುವರಿಕೆ. ದಾರಿ ಕೊರೆದು ಮಣ್ಣು ಹರಿಯುತ್ತದೆ ಎಂಬ ಭಯಕ್ಕೂ ಹಳೆಯ ದಾರಿಯಲ್ಲೇ ಉತ್ತರವಿದೆ: ನೆಟ್ಟಗೆ ಇಳಿಯುವ ಹೊಸ ಗೆರೆಯಲ್ಲಿ ಮಳೆನೀರು ಕಾಲುವೆ ಮಾಡಿಕೊಳ್ಳುತ್ತದೆ, ಪಕ್ಕೆ ಬಳಸಿದ ಹಳೆಯ ಗೆರೆಯಲ್ಲಿ ಅಷ್ಟು ಮಾಡುವುದಿಲ್ಲ.

ಅಳಿಯುತ್ತಿರುವುದು ಈ ಹಳೆಯ ಗೆರೆಗಳೇ, ನನ್ನ ಕಳವಳವೂ ಅದೇ. 1972ರಲ್ಲಿ ಮುಗಿದ ನವಿಲುತೀರ್ಥ ಅಣೆಕಟ್ಟಿನ ಹಿನ್ನೀರು ಮಲಪ್ರಭೆಯ ಬಯಲಿನ ಊರುಗಳ ಜೊತೆಗೆ ಅವುಗಳ ದಾರಿಗಳನ್ನೂ ಮುಳುಗಿಸಿತು. ಟ್ರ್ಯಾಕ್ಟರಿಗೆ ಎತ್ತಿನ ಕೊರಳಿನ ಚಿಂತೆ ಇಲ್ಲ, ಅದು ನೆಟ್ಟಗೆ ಹೋಗುತ್ತದೆ. ಚಕ್ಕಡಿ ನಿಂತ ಕಡೆ ಜಾಲಿ ಬೆಳೆದು, ಪಕ್ಕದ ಹೊಲ ಸ್ವಲ್ಪ ಸ್ವಲ್ಪವೇ ಒತ್ತಿ, ದಾರಿ ಇಲ್ಲವಾಗುತ್ತದೆ. ಆದರೆ ಕಾಗದದಲ್ಲಿ ಅದು ಇನ್ನೂ ಬದುಕಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮುಂಬಯಿ ಪ್ರಾಂತದ ಕಂದಾಯ ಮೋಜಣಿಯವರು ಈ ಸೀಮೆಯನ್ನು ಅಳೆದಂದಿನಿಂದ ಬಂದ ಪರಂಪರೆಯ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳಿಗೆ ಬೇರೆ ಬೇರೆ ಗುರುತುಗಳಿವೆ. ನಕಾಶೆ ಕಂಡ ದಾರಿಯನ್ನು ಮುಚ್ಚಲು ಯಾರಿಗೂ ಹಕ್ಕಿಲ್ಲ ಎಂದು ಒಕ್ಕಲಿಗರು ತಹಶೀಲ್ದಾರರ ಮುಂದೆ ವಾದಿಸುವುದು ಇದನ್ನೇ ಆಧರಿಸಿ. ಹೂಲಿಯಲ್ಲಿ ಗುಡ್ಡದ ಸೈಕಲ್ಲು ಕಲಿಯಬೇಕೆನ್ನುವವರು ಅಂಗಡಿಗೆ ಹೋಗುವ ಮುನ್ನ ಊರಿನ ನಕಾಶೆಯ ಒಂದು ಪ್ರತಿ ಪಡೆಯಲಿ. ಅದರಲ್ಲಿರುವ ಬಂಡಿದಾರಿಗಳನ್ನು ಊರಿನ ಹಿರಿಯ ಒಕ್ಕಲಿಗರೊಬ್ಬರ ಜೊತೆ ಕಾಲ್ನಡಿಗೆಯಲ್ಲಿ ನೋಡಿ ಬರಲಿ, ಯಾವುದು ತೆರೆದಿದೆ, ಯಾವುದು ಮುಚ್ಚಿದೆ, ಯಾವ ಹಳ್ಳ ಯಾವ ತಿಂಗಳಲ್ಲಿ ದಾಟಬಹುದು ಎಂದು ಬರೆದುಕೊಳ್ಳಲಿ. ತೆರೆದಿರುವವುಗಳ ಮೇಲೆ ಸೈಕಲ್ಲು ಓಡಲಿ. ಮುಚ್ಚಿರುವವುಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಗೆ ಕೊಡಲಿ, ಹೊಲಕ್ಕೆ ದಾರಿಯಿಲ್ಲದೆ ಒದ್ದಾಡುವ ಒಕ್ಕಲಿಗರಿಗೂ ಅದು ಬೇಕಾಗಿದೆ.